ಕಾವಿಗಿಟ್ಟ ಮೊಟ್ಟೆ

ಶಿರ್ವದ ಆಸುಪಾಸಿನಲ್ಲಿ ಕುಶಲಾ ಕಾಲಿಡದ ಅಂಗಳ ಕಡಿಮೆ. ಆಡು ಮೇವು ಬಿಟ್ಟರೆ, ಕರುವಿಗೆ ಭೇದಿ ಹಿಡಿದರೆ, ಹೇಂಟೆ ತನ್ನ ಮೊಟ್ಟೆಯನ್ನು ತಾನೇ ಒಡೆದು ಕುಡಿಯುವ ಚಾಳಿ ಕಲಿತರೆ ಹೆಂಗಸರು ಮೊದಲು ಫೋನ್ ಮಾಡುತ್ತಿದ್ದುದು ಅವಳಿಗೆ. ಸರಕಾರದ ಲೆಕ್ಕದಲ್ಲಿ ಅವಳು ಪಶುಸಖಿ. ಉಡುಪಿಯಲ್ಲಿ ತರಬೇತಿ ಮುಗಿಸಿ, ಒಂದು ನೀಲಿ ಕೋಟು, ಲಸಿಕೆ ಒಯ್ಯುವ ಒಂದು ಐಸ್ ಪೆಟ್ಟಿಗೆ ಹಿಡಿದುಕೊಂಡು ಬಂದವಳು. ಜನರ ಬಾಯಲ್ಲಿ ಮಾತ್ರ ಅವಳು ಕೋಳಿ ಡಾಕ್ಟರ್. ಮೊದಮೊದಲು ತಮಾಷೆಗೆ ಹಾಗೆ ಕರೆದರು. ಆಮೇಲೆ ತಮಾಷೆ ಉದುರಿಹೋಗಿ ಹೆಸರು ಉಳಿಯಿತು.

ಆ ಹೆಸರು ಅವಳಿಗೆ ಇಷ್ಟವಿತ್ತು. ಎಷ್ಟು ಇಷ್ಟವೆಂದರೆ, ಯಾರಾದರೂ ಹಾಗೆ ಕರೆದಾಗ ಕೇಳಿಸದವಳಂತೆ ನಟಿಸಿ ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದಳು. ಮದುವೆಯಾಗಿ ನಂದಿಕೂರಿನಿಂದ ಬಂದಾಗಿನಿಂದ ಜಗಲಿಯ ಮೂಲೆಯಲ್ಲಿ ಬೀಡಿ ಕಟ್ಟುತ್ತಾ ಕೂತವಳು ಅವಳು. ಗಂಡ ಹೂವಪ್ಪ ಹೆಜಮಾಡಿಯಲ್ಲಿ ಮೀನಿನ ಲಾರಿಗಳಿಗೆ ಐಸ್ ತುಂಬಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಳ್ಳೆಯವನು, ಮಾತು ಕಡಿಮೆ. ಅವಳನ್ನು ಹುಡುಕಿಕೊಂಡು ಮನೆಗೆ ಜನ ಬರತೊಡಗಿದ್ದು ಆ ಕೋಟು ಸಿಕ್ಕಿದ ಮೇಲೆಯೇ. ಗಲ್ಫ್ ಹಣದಲ್ಲಿ ಕಟ್ಟಿದ ದೊಡ್ಡ ಮನೆಗಳ ಹೆಂಗಸರೂ ಗೇಟು ತೆರೆದು "ಬಾ ಕುಶಲಾ, ಕೂತುಕೋ" ಎಂದು ಕುರ್ಚಿ ಎಳೆದು ಕೊಡುತ್ತಿದ್ದರು.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಕಾಯಿಲೆಯ ಕೋಳಿ ಮುಟ್ಟಿದ ಕೈಯಲ್ಲಿ ಇನ್ನೊಂದು ಮನೆಗೆ ಹೋಗಬಾರದು, ಕಾಲು ತೊಳೆಯಬೇಕು, ಬಟ್ಟೆ ಬದಲಿಸಬೇಕು, ಒಂದೇ ಕಡೆ ನಾಲ್ಕಾರು ಕೋಳಿ ಒಟ್ಟಿಗೆ ಸತ್ತರೆ ಮೊದಲು ಡಾಕ್ಟರಿಗೆ ತಿಳಿಸಬೇಕು. ಕುಶಲಾ ಅದನ್ನೆಲ್ಲ ಶ್ರದ್ಧೆಯಿಂದ ಕೇಳಿದ್ದಳು, ಪರೀಕ್ಷೆಯಲ್ಲಿ ಸರಿಯಾಗಿ ಉತ್ತರಿಸಿಯೂ ಇದ್ದಳು. ಊರಿಗೆ ಬಂದ ಮೇಲೆ ಅದು ನಡೆಯಲಿಲ್ಲ. ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಅಂಗಳದ ಆಚೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುವುದು ಅವಳ ರೂಢಿ. "ಸ್ವಲ್ಪ ಸೋಪು, ಒಂದು ಬಕೆಟ್ ನೀರು ಕೊಡಿ, ಕಾಲು ತೊಳೆಯಬೇಕು" ಎಂದು ಕೇಳಿದರೆ, ನಮ್ಮ ಅಂಗಳ ಅಷ್ಟು ಗಲೀಜಾ ಎಂದು ಮನೆಯವರು ಮುಖ ಸಣ್ಣ ಮಾಡುತ್ತಾರೆ. ಅದಕ್ಕೇ ಬಿಟ್ಟುಬಿಟ್ಟಳು.

ಫೆಬ್ರವರಿಯ ಒಂದು ಬೆಳಿಗ್ಗೆ ಸೆಲೀನ್ ಬಾಯಿಯ ಫೋನು ಬಂತು. ಇಗರ್ಜಿಯ ಆಚೆ, ಗದ್ದೆ ಬದಿಯ ಮನೆ. ವಯಸ್ಸಾಗಿದ್ದರೂ ಕೈಕಾಲು ಗಟ್ಟಿ ಇರುವ ಹೆಂಗಸು, ಶಾಲೆಯಲ್ಲಿ ಟೀಚರಾಗಿರುವ ಸೊಸೆ ಸ್ಯಾಂಡ್ರಾಳ ಜೊತೆ ಇರುವವರು. ಅವರ ಬೋಳುಕುತ್ತಿಗೆಯ ಊರ ಕೋಳಿಗಳು ಸುತ್ತಲೂ ಹೆಸರುವಾಸಿ, ಅವುಗಳ ಕಂದು ಮೊಟ್ಟೆಗೆ ಜನ ಮೊದಲೇ ಹೇಳಿಟ್ಟು ಕಾಯುತ್ತಿದ್ದರು.

"ಕುಶಲಾ, ಒಮ್ಮೆ ಬಂದು ಹೋಗು ಮಾರಾಯ್ತಿ. ಕೋಳಿಗಳಿಗೆ ಎಂತದೋ ಆಗಿದೆ."

ಹೋಗಿ ನೋಡಿದರೆ ಮೂರು ಹೇಂಟೆಗಳು ಗೂಡಿನ ಪಕ್ಕ ಸತ್ತು ಬಿದ್ದಿದ್ದವು. ಇನ್ನೂ ಕೆಲವು ರೆಕ್ಕೆ ಜೋಲುಬಿಟ್ಟು ಕಣ್ಣು ಮುಚ್ಚಿ ಕೂತಿದ್ದವು. ಒಂದು ಹುಂಜದ ಜುಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮುಖ ಊದಿಕೊಂಡಿತ್ತು. ಕುಶಲಾ ಒಂದೊಂದನ್ನೇ ಮಡಿಲಲ್ಲಿ ಇಟ್ಟುಕೊಂಡು ಕೊಕ್ಕು ಬಿಡಿಸಿ ನೋಡಿದಳು, ಲೋಳೆ ಒರೆಸಿದಳು, ಔಷಧಿ ಪುಡಿ ಕಲಸಿದ ನೀರು ಹನಿಹನಿಯಾಗಿ ಬಿಟ್ಟಳು.

"ಇವು ಎಲ್ಲೆಲ್ಲಿ ತಿರುಗ್ತವೆ ಬಾಯಿ?"

"ಎಲ್ಲಿಗೆ, ಆ ಮದಗದ ಬದಿಗೆ. ಈ ಸಲ ಅಲ್ಲಿ ಹೊರಗಿನ ಬಾತುಗಳು ರಾಶಿ ಬಂದಿವೆ. ಅವುಗಳ ಜೊತೆಗೇ ಮೇಯ್ತವೆ ಇವೂ."

ಗದ್ದೆಯಂಚಿನ ಆ ಮದಗದ ನೀರಿನ ಮೇಲೆ ಕಾಡುಬಾತುಗಳು ಕಪ್ಪು ಚುಕ್ಕಿಗಳಂತೆ ತೇಲುತ್ತಿದ್ದುದು ಅಂಗಳಕ್ಕೇ ಕಾಣುತ್ತಿತ್ತು. ಅವು ಆರಾಮವಾಗಿಯೇ ಇದ್ದವು. ಕುಶಲಾಳ ಮನಸ್ಸಿನಲ್ಲಿ ತರಬೇತಿಯ ಒಂದು ಮಾತು ಅಲುಗಿತು. ಕಾಡುಬಾತಿಗೆ ತಾನು ಹೊತ್ತ ರೋಗ ಎಷ್ಟೋ ಸಲ ತಟ್ಟುವುದಿಲ್ಲ, ಅದರ ಹಿಕ್ಕೆ ಬಿದ್ದ ನೀರು ಕುಡಿದ ಕೋಳಿ ಮಾತ್ರ ಉಳಿಯುವುದಿಲ್ಲ ಎಂದು ಹೇಳಿದ್ದರು. ಅಲುಗಿದ್ದನ್ನು ಅವಳೇ ಅದುಮಿದಳು. ಹೋದ ವರ್ಷ ಹೀಗೆಯೇ ಹೆದರಿ ಡಾಕ್ಟರನ್ನು ಕರೆಸಿ, ಕಡೆಗೆ ಅದು ಕೋಳಿಗಳಿಗೆ ವರ್ಷವರ್ಷ ಬರುವ ಬರೀ ಕೊಕ್ಕರೆ ರೋಗವೆಂದು ಆಗಿ, ಹತ್ತು ಜನರ ಮುಂದೆ ಪೆಚ್ಚಾಗಿದ್ದಳು.

"ಡಾಕ್ಟರಿಗೆ ಒಂದು ಮಾತು ಹೇಳುದು ಬೇಡ್ವಾ?" ಎಂದು ಸೆಲೀನ್ ಬಾಯಿ ಕೇಳಿದರು.

"ಯಾಕೆ ಬಾಯಿ, ನಾನಿಲ್ವಾ? ಸೆಕೆಗೆ ಹೀಗಾಗಿದೆ. ನಾಳೆಗೆ ಸರಿಯಾಗ್ತದೆ."

ಹೊರಡುವಾಗ ಸೆಲೀನ್ ಬಾಯಿ ಒಂದು ಹಳೆಯ ಬುಟ್ಟಿಯಲ್ಲಿ ಉಮಿ ಹಾಸಿ ಮೊಟ್ಟೆ ಜೋಡಿಸಿ ಕೊಟ್ಟರು. ಅವುಗಳನ್ನು ಕುಶಲಾಳೇ ಕೇಳಿಟ್ಟಿದ್ದಳು. ತವರಿನ ಪಕ್ಕದ ಮನೆಯ ಪುಷ್ಪಾವತಿಯ ಹೇಂಟೆ ಖಾಲಿ ಗೂಡಿನಲ್ಲೇ ಕಾವಿಗೆ ಕೂತಿತ್ತು, ಒಳ್ಳೆಯ ಜಾತಿಯ ಮೊಟ್ಟೆ ಸಿಕ್ಕಿದರೆ ತಂದುಕೊಡು ಎಂದು ಅವರು ಹೇಳಿದ್ದರು. ಮೊಟ್ಟೆಗಳ ಮೇಲೆ ಅಲ್ಲಲ್ಲಿ ಹಿಕ್ಕೆ ಒಣಗಿ ಅಂಟಿತ್ತು. ತೊಳೆದರೆ ಮರಿಯಾಗುವುದಿಲ್ಲವೆಂದು ಹಾಗೆಯೇ ಬಿಟ್ಟರು.

ಕುಶಲಾ ಕೈಗೆ ನೀರು ಹಾಕಿಕೊಂಡು, ಅದೇ ಸೀರೆಯಲ್ಲಿ, ಬೆಳ್ಮಣ್ ಮೇಲೆ ಹೋಗುವ ಬಸ್ಸು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ನಂದಿಕೂರಿನಲ್ಲಿ, ದೂರಕ್ಕೆ ವಿದ್ಯುತ್ ಸ್ಥಾವರದ ಚಿಮಣಿ ಕಾಣುವ ಪುಷ್ಪಕ್ಕನ ಅಂಗಳದಲ್ಲಿದ್ದಳು. ತಾಯಿ ಕೆಲಸಕ್ಕೆ ಹೋದಾಗ ಚಿಕ್ಕ ಕುಶಲಾಳಿಗೆ ಗಂಜಿ ಹಾಕಿ ಸಾಕಿದ ಹೆಂಗಸು ಪುಷ್ಪಕ್ಕ. ಅವರ ಎದುರಿಗೆ ಕೂತು ಒಂದೊಂದೇ ಮೊಟ್ಟೆಯನ್ನು ಹೇಂಟೆಯ ಹೊಟ್ಟೆಯಡಿಗೆ ಸರಿಸಿದಾಗ ಕುಶಲಾಳಿಗೆ ತಾನೊಂದು ದೊಡ್ಡ ಉಪಕಾರ ಮಾಡಿದೆನೆಂಬ ಸಂತೋಷವಾಯಿತು.

ಎರಡು ಮೂರು ದಿನದೊಳಗೆ ಸೆಲೀನ್ ಬಾಯಿಯ ಗೂಡು ಹೆಚ್ಚುಕಡಿಮೆ ಖಾಲಿಯಾಯಿತು. ಫೋನಿನಲ್ಲಿ ಕುಶಲಾ ಸುಣ್ಣ ಹಾಕಿ ಹೂಳಲು ಹೇಳಿದಳು. ವಾರ ಕಳೆಯಿತು. ನಂದಿಕೂರಿನಿಂದ ಸುದ್ದಿ ಬಂತು: ಪುಷ್ಪಕ್ಕನ ಕೋಳಿಗಳು ಸಾಯುತ್ತಿವೆ, ಪಕ್ಕದ ಮನೆಯವೂ, ಅದರಾಚೆಯವೂ. ಅಲ್ಲಿ ಯಾರೋ ನೇರ ಇಲಾಖೆಗೆ ಫೋನ್ ಮಾಡಿದ್ದರು. ಸತ್ತ ಕೋಳಿಗಳ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಯಿತು. ಉತ್ತರ ಬಂತು, ಹಕ್ಕಿಜ್ವರ.

ಆ ಮಾತನ್ನು ಕೇಳಿದಾಗ ಕುಶಲಾ ಅಡುಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಮಣೆಯ ಮೇಲೆ ಹಾಗೆಯೇ ಕೂತುಬಿಟ್ಟಳು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದಗದ ಬಾತು, ಸೆಲೀನ್ ಬಾಯಿಯ ಅಂಗಳ, ಹಿಕ್ಕೆ ಅಂಟಿದ ಮೊಟ್ಟೆ, ತನ್ನ ಬರಿಗಾಲು, ಪುಷ್ಪಕ್ಕನ ಗೂಡು, ಎಲ್ಲವೂ ಒಂದೇ ದಾರಿಯಾಗಿ ಕಣ್ಣೆದುರು ಬಿದ್ದುಕೊಂಡಿತು. ಫೋನ್ ಎತ್ತಿಕೊಂಡಳು. ಡಾಕ್ಟರಿಗೆ ಮಾಡಬೇಕೆಂದೇ ಎತ್ತಿದ್ದು. ಬೆರಳು ಒತ್ತಿದ್ದು ಸೆಲೀನ್ ಬಾಯಿಯ ನಂಬರು.

"ಬಾಯಿ, ನಿಮ್ಮ ಕೋಳಿ ಸತ್ತ ವಿಷಯ ಸದ್ಯಕ್ಕೆ ಯಾರ ಹತ್ತಿರವೂ ಹೇಳಬೇಡಿ. ಸುಮ್ಮನೆ ಜನ ಬಂದು ಗಲಾಟೆ ಮಾಡ್ತಾರೆ. ನಾನು ನೋಡಿಕೊಳ್ತೇನೆ."

"ನೀನು ಹೇಳಿದ ಹಾಗೆ" ಎಂದರು ಸೆಲೀನ್ ಬಾಯಿ.

ಮರುದಿನ ಕಾಪುವಿನಿಂದ ಪಶುವೈದ್ಯೆ ಚೈತನ್ಯಾ ಮೇಡಂ ಕರೆದರು. ಹಾವೇರಿ ಕಡೆಯವರು, ಚಿಕ್ಕ ವಯಸ್ಸು, ತುಳು ಬಾರದು. "ಕುಶಲಾ ಅವ್ರೇ, ನಂದಿಕೂರು ನಿಮ್ಮ ತವರಲ್ವಾ? ನಮ್ಮ ಜೊತೆ ಬರ್ರಿ. ಈ ಬಿಳಿ ಬಟ್ಟೆ ಹಾಕ್ಕೊಂಡು ಹೋದ್ರೆ ಅಜ್ಜಿಗಳು ಗಾಬರಿ ಬೀಳ್ತಾರೆ. ನೀವು ಹೇಳಿದ್ರೆ ಕೇಳ್ತಾರೆ." ಇಲ್ಲವೆನ್ನಲು ಕುಶಲಾಳಿಗೆ ಕಾರಣ ಸಿಗಲಿಲ್ಲ. ಇದ್ದ ಒಂದು ಕಾರಣ ಹೇಳುವಂಥದ್ದಾಗಿರಲಿಲ್ಲ.

ರೋಗ ಕಂಡ ಮನೆಯ ಸುತ್ತ ಒಂದು ಕಿಲೋಮೀಟರಿನೊಳಗೆ ಒಂದು ಕೋಳಿಯೂ ಉಳಿಯಬಾರದು, ಅದು ನಿಯಮ. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ಹುಡುಗರು ಚೀಲ ಹಿಡಿದು ಮನೆಮನೆಗೆ ಹೋದರು. ಗದ್ದೆಯ ತುದಿಯಲ್ಲಿ ಯಂತ್ರ ಗುಂಡಿ ತೋಡುತ್ತಿತ್ತು. ಮಾಸ್ಕಿನೊಳಗಿನಿಂದ ಕುಶಲಾ ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳಿದಳು: ಇದು ಮನುಷ್ಯರಿಗೂ ಬರಬಹುದಾದ ರೋಗ, ಬಂದರೆ ಕಷ್ಟ, ಕೊಟ್ಟುಬಿಡಿ. ಹೆಂಗಸರು ಅವಳ ಧ್ವನಿ ಗುರುತು ಹಿಡಿದು ಕೊಟ್ಟರು. ಒಬ್ಬಳು ತನ್ನ ಹುಂಜದ ತಲೆ ಸವರಿ, "ಕುಶಲಕ್ಕ ಹೇಳಿದ ಮೇಲೆ ಮತ್ತೆ ಎಂತ" ಎಂದು ತಾನೇ ಚೀಲದೊಳಗೆ ಬಿಟ್ಟಳು. ಆ ನಂಬಿಕೆ ಕುಶಲಾಳಿಗೆ ಬೆನ್ನ ಮೇಲೆ ಬಿಸಿನೀರು ಹೊಯ್ದ ಹಾಗಾಯಿತು.

ಕಡೆಗೆ ಪುಷ್ಪಕ್ಕನ ಮನೆ. ಅಲ್ಲಿ ಉಳಿದಿದ್ದುದು ಕಾವಿಗೆ ಕೂತ ಹೇಂಟೆಯೊಂದೇ. ಅದೂ ಕುತ್ತಿಗೆ ಎತ್ತಲಾರದೆ ಮೊಟ್ಟೆಗಳ ಮೇಲೆ ಚೆಲ್ಲಿಕೊಂಡು ಬಿದ್ದಿತ್ತು. ಹುಡುಗ ಅದನ್ನು ಎತ್ತಿದಾಗ ಕೆಳಗಿನ ಕಂದು ಮೊಟ್ಟೆಗಳು ಕಂಡವು. ಚೈತನ್ಯಾ ಮೇಡಂ ಬಗ್ಗಿ ನೋಡಿದರು. ಪುಷ್ಪಕ್ಕನ ಕೋಳಿಗಳ ಬಿಳಿ ಮೊಟ್ಟೆ ಪಕ್ಕದ ತಟ್ಟೆಯಲ್ಲೇ ಇತ್ತು.

"ಈ ಮೊಟ್ಟೆ ಇವರ ಮನೇದೇ ಏನು? ಹೊರಗಿಂದ ತಂದಿದ್ದಾ? ಕೇಳ್ರಿ ಸ್ವಲ್ಪ."

ಕುಶಲಾ ಕೇಳಲಿಲ್ಲ. ಪುಷ್ಪಕ್ಕನ ಕಡೆ ತಿರುಗಲೂ ಇಲ್ಲ. "ಇವರದ್ದೇ ಮೇಡಂ" ಎಂದಳು.

"ಬೇರೆ ಊರಿಂದ ಯಾರಾದ್ರೂ ಬಂದಿದ್ರಾ ಈ ಕಡೆ?"

"ಇಲ್ಲ ಮೇಡಂ. ಮರಿ ಮಾರುವ ಡೆನಿಸ್ ಬಂದಿದ್ದನಂತೆ. ಮತ್ತೆ ಯಾರೂ ಇಲ್ಲ."

ಡೆನಿಸನ ಹೆಸರು ನಾಲಗೆಗೆ ಹೇಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆ ಇನ್ನೊಂದು ಮನೆಯಲ್ಲಿ ಯಾರೋ ಅವನ ಹೆಸರು ಹೇಳಿದ್ದರು, ಅಷ್ಟೇ. ಮೇಡಂ ತಲೆಯಾಡಿಸಿ ಆಚೆ ಹೋದರು. ಮೊಟ್ಟೆಗಳನ್ನು ಚೀಲಕ್ಕೆ ಹಾಕಿ ಕಟ್ಟಿದರು.

ಪುಷ್ಪಕ್ಕ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲರೂ ಹೊರಟ ಮೇಲೆ ತುಳುವಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: "ಕುಶಲಾ, ನಾನು ಶಾಲೆಗೆ ಹೋದವಳಲ್ಲ, ಸರಿ. ಆದರೆ ಮೊಟ್ಟೆ ಯಾರದ್ದು ಅಂತ ಕೇಳಿದರೆ ತಿಳಿಯುವಷ್ಟು ಕನ್ನಡ ನನಗೂ ಬರ್ತದೆ."

ಕುಶಲಾ ಏನೋ ಹೇಳಲು ಮಾಸ್ಕ್ ಕೆಳಗೆ ಎಳೆದಳು. ಅಷ್ಟರಲ್ಲಿ ಪುಷ್ಪಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಆಮೇಲಿನ ದಿನಗಳಲ್ಲಿ ಆ ಒಂದು "ಇವರದ್ದೇ" ಎಲ್ಲೆಲ್ಲಿಗೋ ಹೋಯಿತು. ರೋಗ ನಂದಿಕೂರಿನಲ್ಲೇ ಶುರುವಾಗಿದೆ, ಡೆನಿಸನ ಮರಿಗಳಿಂದ ಬಂದಿರಬಹುದು ಎಂದು ಇಲಾಖೆಯವರು ತಿಳಿದರು. ಡೆನಿಸ್ ಶಿರ್ವದವನೇ, ಓಮ್ನಿ ವ್ಯಾನಿನಲ್ಲಿ ಪಂಜರ ಹೇರಿಕೊಂಡು ಕೋಳಿಮರಿ ಮಾರುವವನು. ಅವನು ಮರಿ ತರುತ್ತಿದ್ದುದು ಕಾರ್ಕಳದ ಒಬ್ಬ ಸಾಕಣೆಯವನಿಂದ. ಮೇಡಂ ತಮ್ಮ ತಂಡ ಕಟ್ಟಿಕೊಂಡು ಕಾರ್ಕಳಕ್ಕೆ ಓಡಾಡಿದರು, ಅಲ್ಲಿನ ಶೆಡ್ಡಿಗೆ ಬೀಗ ಬಿತ್ತು. ಅಲ್ಲಿ ರೋಗದ ಸುಳಿವೇ ಸಿಗಲಿಲ್ಲ. ಅಷ್ಟರಲ್ಲಿ ಡೆನಿಸನ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ತಿರುಗಿತು. ಕೆಳಗೆ ಬರೆದಿತ್ತು: "ಈ ವ್ಯಾನ್ ಕಂಡರೆ ಹತ್ತಿರ ಸೇರಿಸಬೇಡಿ, ಹಕ್ಕಿಜ್ವರ ಹಂಚುವವನು." ಪೇಟೆಯಲ್ಲಿ ಯಾರೋ ಅವನ ವ್ಯಾನಿನ ಗಾಜು ಒಡೆದರು. ಕುಶಲಾಳ ಫೋನಿಗೂ ಆ ಫೋಟೋ ಬಂತು, ಮೂರು ಗುಂಪುಗಳಿಂದ. ಮೂರನ್ನೂ ಅಳಿಸಿದಳು. ಅಳಿಸಿದರೆ ಎಂತಾಯಿತು, ಅವಳ ಫೋನಿನಿಂದ ಮಾತ್ರ ಹೋಯಿತು.

ಹೂವಪ್ಪ ಒಂದು ಸಂಜೆ ಕೇಳಿದ, "ಎಂತ, ಊಟ ಸರಿ ಮಾಡುದಿಲ್ಲ ನೀನು?"

"ಸೆಕೆ" ಎಂದಳು. ಸೆಲೀನ್ ಬಾಯಿಗೂ ಇದೇ ಮಾತು ಹೇಳಿದ್ದು ನೆನಪಾಗಿ ಎದ್ದು ಹಿತ್ತಿಲಿಗೆ ಹೋದಳು.

ನಂದಿಕೂರಿನ ಸುತ್ತ ಎಳೆದ ವೃತ್ತದೊಳಗೆ ಸೆಲೀನ್ ಬಾಯಿಯ ಮನೆ ಇರಲಿಲ್ಲ. ಅವರಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಎಚ್ಚರಿಸಬೇಕಾದವಳು ಸುಮ್ಮನಿರಿ ಎಂದಿದ್ದಳು. ಅವರು ಕಡೆಯ ಎರಡು ಹೇಂಟೆಗಳನ್ನು ಬರಿಗೈಯಲ್ಲಿ ಎತ್ತಿ ಹೂಳಿದರು, ಗೂಡನ್ನು ಪೊರಕೆಯಿಂದ ಗುಡಿಸಿದರು, ಒಣಗಿದ ಹಿಕ್ಕೆಯ ಧೂಳು ಮೂಗು ಬಾಯಿಗೆ ಹೋಗುವಂತೆ ಹೆರೆದು ತೆಂಗಿನ ಬುಡಕ್ಕೆ ಹಾಕಿದರು. ನಾಲ್ಕೈದು ದಿನದಲ್ಲಿ ಜ್ವರ ಬಂತು. ಉಸಿರಾಟ ಕಷ್ಟವಾದಾಗ ಸ್ಯಾಂಡ್ರಾ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮಣಿಪಾಲದ ಆಸ್ಪತ್ರೆಗೆ ಓಡಿದಳು. ಹಕ್ಕಿಜ್ವರದ ಸುದ್ದಿ ಆಗಲೇ ಎಲ್ಲ ಕಡೆ ಇತ್ತು, ಡಾಕ್ಟರುಗಳು ಅವರನ್ನು ಬೇರೆ ಕೋಣೆಗೆ ಹಾಕಿ ಗಂಟಲ ದ್ರವ ತೆಗೆದು ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿಂದ ಸ್ಯಾಂಡ್ರಾ ಫೋನ್ ಮಾಡಿದಳು.

"ಕುಶಲಕ್ಕ, ನಿಮ್ಮ ಹತ್ತಿರ ಒಂದು ಕೇಳ್ತೇನೆ. ಮಮ್ಮಿಯ ಕೋಳಿ ಎಂತದರಲ್ಲಿ ಸತ್ತದ್ದು?"

ಕುಶಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇಲ್ಲಿ ಡಾಕ್ಟರುಗಳು ಕೇಳ್ತಿದ್ದಾರೆ. ಕೋಳಿ ಸತ್ತಿದ್ಯಾ, ಯಾರು ಮುಟ್ಟಿದ್ರು, ಮನೆಗೆ ಯಾರು ಬಂದಿದ್ರು ಅಂತ. ಮಮ್ಮಿ ಎಂತ ಹೇಳಿದ್ರು ಗೊತ್ತುಂಟಾ? ಸೆಕೆಗೆ ಸತ್ತದ್ದು, ಯಾರೂ ಬರ್ಲಿಲ್ಲ ಅಂತ. ಆಮೇಲೆ ನನ್ನ ಹತ್ತಿರ ಮಾಸ್ಕಿನೊಳಗೇ ಹೇಳ್ತಾರೆ, ಕುಶಲಾಳ ಹೆಸರು ಎತ್ತಬೇಡ, ಪಾಪ, ಅವಳ ಕೆಲಸ ಹೋಗ್ತದೆ ಅಂತ. ಆಕ್ಸಿಜನ್ ಹಾಕಿದ್ದಾರೆ ಅವರಿಗೆ. ಆಗಲೂ ಅದೇ ಚಿಂತೆ."

ಕುಶಲಾ ಫೋನ್ ಕೆಳಗಿಟ್ಟು ನೀಲಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅದನ್ನು ತೊಡುವ ಧೈರ್ಯವಾಗಲಿಲ್ಲ. ಕಾಪುವಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು "ಕೋಳಿ ಡಾಕ್ಟರಲ್ವಾ? ಈಗ ಮೊಟ್ಟೆ ತಿನ್ಲಿಕ್ಕೆ ಅಡ್ಡಿ ಇಲ್ವಾ?" ಎಂದು ಕೇಳಿದಾಗ, ಚೆನ್ನಾಗಿ ಬೇಯಿಸಿ ತಿನ್ನಿ ಎಂದು ಉತ್ತರ ಕೊಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪಶು ಆಸ್ಪತ್ರೆಯ ಮೆಟ್ಟಿಲ ಹತ್ತಿರವೇ ನಿಂತು, ಒಳಗೆ ಹೋಗದೆ, ಮೇಡಂ ಹೊರಗೆ ಬಂದ ಮೇಲೆ ಹೇಳಿದಳು. ಮೊಟ್ಟೆ ಯಾರದ್ದು, ಎಲ್ಲಿಂದ ಬಂತು, ಆ ಅಂಗಳದಲ್ಲಿ ಏನು ಕಂಡಿದ್ದಳು, ಯಾರಿಗೆ ಸುಮ್ಮನಿರಲು ಹೇಳಿದ್ದಳು. ಅಳಬಾರದೆಂದು ಬಂದಿದ್ದಳು. ಅತ್ತರೆ ಮೇಡಂ ಸಮಾಧಾನ ಮಾಡಬೇಕಾಗುತ್ತದೆ, ಅದನ್ನು ಕೇಳುವ ಮುಖ ತನಗಿಲ್ಲ ಎಂದು.

ಚೈತನ್ಯಾ ಮೇಡಂ ಬೈಯಲಿಲ್ಲ. ಮೊದಲು ಮಣಿಪಾಲಕ್ಕೆ ಫೋನ್ ಮಾಡಿದರು, ಆಮೇಲೆ ಉಡುಪಿಗೆ, ಆಮೇಲೆ ತಮ್ಮ ತಂಡಕ್ಕೆ. ಎಲ್ಲ ಮುಗಿದ ಮೇಲೆ ಅವಳ ಕಡೆ ತಿರುಗಿದರು.

"ಯಾಕ್ರೀ ಕುಶಲಾ ಅವ್ರೇ? ತಪ್ಪಾಗಿ ಮೊಟ್ಟೆ ಒಯ್ದದ್ದು ಬೇರೆ. ಅದು ಯಾರಿಂದ ಬೇಕಾದ್ರೂ ಆಗ್ತದೆ. ಆ ಅಂಗಳಕ್ಕೆ ಬಾತುಗಳೇ ತಂದ್ವೋ ಮತ್ತೊಂದೋ, ನಾನೂ ಗ್ಯಾರಂಟಿ ಹೇಳೋಕಾಗಲ್ಲ. ಆದರೆ ಅವತ್ತು ನಾನು ಕೇಳಿದೆ. ಕೇಳಿದಾಗ ಇವರದ್ದೇ ಅಂದ್ರಿ. ನಾನು ಕಾರ್ಕಳದಾಗ ಹುಡುಕ್ತಾ ಇದ್ದೆ, ರೋಗ ಶಿರ್ವದಾಗ ಇತ್ತು."

"ಹೌದು ಮೇಡಂ."

"ನಿಮ್ಮನ್ನ ನಂಬಿ ಕರ್ಕೊಂಡು ಹೋಗಿದ್ದೆ."

ಕುಶಲಾ ಚೀಲದಿಂದ ಕೋಟು ತೆಗೆದು ಮೆಟ್ಟಿಲ ಮೇಲಿಟ್ಟಳು. ಬೇಡವೆಂದು ಮೇಡಂ ಹೇಳಲಿಲ್ಲ.

ಶಿರ್ವದಲ್ಲಿ ಹೊಸ ವೃತ್ತ ಬಿತ್ತು. ಈ ಸಲ ತಂಡದ ಜೊತೆ ಮನೆಮನೆಗೆ ಹೋಗಿ ಕೊಂಕಣಿಯಲ್ಲಿ ತಿಳಿಹೇಳಿದವಳು, ಮಣಿಪಾಲದಲ್ಲಿ ಪರೀಕ್ಷೆ ಮಾಡಿಸಿ ತನಗೇನೂ ಇಲ್ಲವೆಂದು ತಿಳಿದು ಬಂದಿದ್ದ ಸ್ಯಾಂಡ್ರಾ. ಆರೋಗ್ಯ ಇಲಾಖೆಯವರು ಕುಶಲಾಳ ಗಂಟಲ ದ್ರವವನ್ನೂ ತೆಗೆದುಕೊಂಡು ಹೋಗಿ, ಮನೆಯಿಂದ ಹೊರಗೆ ಬರಬಾರದೆಂದು ಹೇಳಿದ್ದರು. ತಂಡ ತನ್ನ ಅಂಗಳಕ್ಕೆ ಬಂದಾಗ ಅವಳು ಕಿಟಕಿಯೊಳಗೆ ನಿಂತು ನೋಡಿದಳು. ಹೂವಪ್ಪ ಒಂದೊಂದೇ ಕೋಳಿ ಹಿಡಿದು ಕೊಟ್ಟ. ಬೇಲಿಯಾಚೆ ಪಕ್ಕದ ಮನೆಯವರು ತಮ್ಮವನ್ನು ಕೊಡುತ್ತಾ ಅವಳ ಕಿಟಕಿಯ ಕಡೆ ನೋಡಿದರು. ಬೈಯಲಿಲ್ಲ, ಕರೆಯಲಿಲ್ಲ. ಸ್ಯಾಂಡ್ರಾ ಮಾತ್ರ ಗೇಟಿನಿಂದ ಕೇಳಿದಳು, "ನಿಮಗೆ ಗೊತ್ತಿತ್ತಲ್ವಾ ಕುಶಲಕ್ಕ?" ಉತ್ತರಕ್ಕೆ ನಿಲ್ಲದೆ ಹೋದಳು.

ಆ ಸಂಜೆ ಕುಶಲಾ ಫೋನಿನಲ್ಲಿ ತನ್ನ ಧ್ವನಿ ತುಂಬಿಸಿದಳು. ಎರಡು ಸಲ ತೊದಲಿ ಅಳಿಸಿ, ಮೂರನೆಯ ಸಲ ತುಳುವಿನಲ್ಲಿ ನೇರವಾಗಿ ಹೇಳಿದಳು: "ನಾನು ಪಶುಸಖಿ ಕುಶಲಾ. ನಂದಿಕೂರಿಗೆ ಮೊಟ್ಟೆ ಒಯ್ದದ್ದು ನಾನು. ಡಾಕ್ಟರ್ ಕೇಳಿದಾಗ ಸುಳ್ಳು ಹೇಳಿದ್ದೂ ನಾನು. ಡೆನಿಸನದ್ದು ಇದರಲ್ಲಿ ಏನೂ ಇಲ್ಲ. ಅವನ ಫೋಟೋ ಯಾರೆಲ್ಲ ಕಳಿಸಿದ್ದೀರೋ, ಇದನ್ನೂ ಅವರಿಗೆಲ್ಲ ಕಳಿಸಿ." ಫೋಟೋ ಬಂದಿದ್ದ ಮೂರು ಗುಂಪುಗಳಿಗೂ ಹಾಕಿದಳು. ಜನ ಕಳಿಸಿದರು. ಡೆನಿಸನ ಫೋಟೋಕ್ಕಿಂತ ಬೇಗ ಹೋಯಿತೆಂದು ಆಮೇಲೆ ಯಾರೋ ಹೇಳಿದರು.

ಪುಣೆಯಿಂದ ಸೆಲೀನ್ ಬಾಯಿಯ ವರದಿ ಬಂತು. ಅದು ಹಕ್ಕಿಜ್ವರವಾಗಿರಲಿಲ್ಲ, ಸಾಮಾನ್ಯ ಫ್ಲೂ ಶ್ವಾಸಕೋಶಕ್ಕೆ ಇಳಿದಿತ್ತು. ಕುಶಲಾಳದ್ದೂ ಏನೂ ಇಲ್ಲವೆಂದು ಬಂತು. ಹೂವಪ್ಪ "ದೇವರು ದೊಡ್ಡವ" ಎಂದು ಕೈಮುಗಿದ. ಕುಶಲಾಳಿಗೂ ಉಸಿರು ಬಂತು. ಆದರೆ ಅಂದುಕೊಂಡ ಹಾಗೆ ಹಗುರಾಗಲಿಲ್ಲ. ಸೆಲೀನ್ ಬಾಯಿ ಉಳಿದದ್ದರಲ್ಲಿ ಅವಳ ಪಾಲು ಏನೂ ಇರಲಿಲ್ಲವಲ್ಲ.

ಮನೆಗೆ ಬಂದ ಮೇಲೆ ಸೆಲೀನ್ ಬಾಯಿ ಹೇಳಿಕಳಿಸಿದರು. ಕುಶಲಾ ಹೋಗಿ ಜಗಲಿಯ ಕೆಳಗೆ ನಿಂತಳು. ಮುದುಕಿ ಇಳಿದುಹೋಗಿದ್ದರು, ಧ್ವನಿ ಮಾತ್ರ ಮೊದಲಿನಂತೆ ಇತ್ತು.

"ಕೋಳಿ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಮಕ್ಕಳು, ಆಸ್ಪತ್ರೆಯ ನರ್ಸ್ ಮಕ್ಕಳು, ಮೈತುಂಬ ಪ್ಲಾಸ್ಟಿಕ್ ಹಾಕಿಕೊಂಡು ಬೆವರಿ ಬೆವರಿ ನನ್ನನ್ನು ನೋಡಿಕೊಂಡವು. ಅವುಗಳ ಮುಖ ನೋಡಿ ನಾನು ಸುಳ್ಳು ಹೇಳಿದೆ. ರೋಗ ಇದ್ದಿದ್ದರೆ ಅವುಗಳಿಗೂ ಬರ್ತಿತ್ತು ಅಲ್ವಾ? ಈ ವಯಸ್ಸಿನಲ್ಲಿ ನನ್ನ ಬಾಯಲ್ಲಿ ಅದನ್ನು ಹೇಳಿಸಿದೆಯಲ್ಲ ನೀನು."

"ತಪ್ಪಾಯ್ತು ಬಾಯಿ."

"ತಪ್ಪಾಯ್ತು ಸರಿ. ನಾನು ಪಾದ್ರಿಗಳ ಹತ್ತಿರ ಹೇಳಿಕೊಂಡು ಬಂದೆ. ನೀನು ಎಲ್ಲಿಗೆ ಹೋಗ್ತಿ?" ಎಂದು ಕೇಳಿ, ಅವಳ ಮುಖ ನೋಡಿ, ಕಾಫಿಗೆ ಒಳಗೆ ಕೂಗಿದರು. ಸ್ಯಾಂಡ್ರಾ ಕಾಫಿ ತಂದು ಜಗಲಿಯ ಅಂಚಿನಲ್ಲಿಟ್ಟಳು, ಕೈಗೆ ಕೊಡಲಿಲ್ಲ.

ಡೆನಿಸನನ್ನು ಅವಳು ಶಿರ್ವ ಪೇಟೆಯಲ್ಲಿ ಕಂಡಳು. ವ್ಯಾನಿನ ಗಾಜು ಹೊಸದಾಗಿತ್ತು, ಪಂಜರಗಳ ಜಾಗದಲ್ಲಿ ಮಲ್ಲಿಗೆ ಮತ್ತು ಪೇರಳೆ ಸಸಿಗಳಿದ್ದವು. "ನಿಮ್ಮ ವಾಯ್ಸ್ ಕೇಳಿದೆ ಕುಶಲಕ್ಕ" ಎಂದ. ಅವಳು ಕಾದಳು. "ಒಳ್ಳೆದಾಯ್ತು. ಆದರೆ ನನ್ನ ಮಗಳು ಶಾಲೆಗೆ ಹೋಗ್ಲಿಕ್ಕೆ ಒಪ್ಪುದಿಲ್ಲ ಈಗಲೂ. ಅಲ್ಲಿ ಅವಳಿಗೆ ಹೆಸರಿಟ್ಟಿದ್ದಾರೆ. ಅದಕ್ಕೆ ಎಂತ ಕಳಿಸುದು?" ಸಿಟ್ಟಿನಲ್ಲಿ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಮರುದಿನ ಅವನ ಮಗಳ ಶಾಲೆಗೆ ಹೋಗಿ, ಅಲ್ಲಿನ ಟೀಚರನ್ನು ಕೇಳಿ, ಮಕ್ಕಳ ಮುಂದೆ ನಿಂತು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಡೆನಿಸನ ಮಗಳು ಮೊದಲ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಒಳ್ಳೆಯದಾಯಿತೋ ಇನ್ನಷ್ಟು ಕೆಡಿಸಿದೆನೋ ಎಂದು ಕುಶಲಾಳಿಗೆ ಗೊತ್ತಾಗಲಿಲ್ಲ.

ಮತ್ತೆ ಬೀಡಿ ಎಲೆ ತಂದಳು. ಯಾರದಾದರೂ ಕೋಳಿ ತೂಕಡಿಸಿದರೆ ಹಳೆಯ ರೂಢಿಯಲ್ಲಿ ಫೋನ್ ಬರುತ್ತಿತ್ತು. ಡಾಕ್ಟರಿಗೆ ಹೇಳಿ, ಮುಟ್ಟಬೇಡಿ, ಎಂದು ನಂಬರು ಕೊಟ್ಟು ಇಟ್ಟುಬಿಡುತ್ತಿದ್ದಳು.

ಮೇ ತಿಂಗಳಲ್ಲಿ, ಕೋಳಿ ಸಾಕುವ, ಮಾರುವ ನಿಷೇಧವೆಲ್ಲ ತೆಗೆದ ಮೇಲೆ, ಒಂದು ದಿನ ನಂದಿಕೂರಿಗೆ ಹೋದಳು. ತವರಿನಲ್ಲಿ ಚೀಲ ಇಟ್ಟು ಪುಷ್ಪಕ್ಕನ ಗೇಟಿನ ಹೊರಗೆ ನಿಂತಳು. ಪುಷ್ಪಕ್ಕ ಕೋಳಿಗೂಡಿನ ಹತ್ತಿರ ಬಗ್ಗಿ ಏನೋ ಮಾಡುತ್ತಿದ್ದರು. ಗೂಡಿನ ಬಲೆಯ ಮೇಲೆ, ಮಾಡಿನ ಮೇಲೆ, ಎಲ್ಲ ಕಡೆ ಬಸಳೆ ಹಬ್ಬಿತ್ತು. ಒಳಗೆ ಕೋಳಿಯಿರಲಿಲ್ಲ.

"ಮರಿ ತರಲಿಲ್ವಾ ಪುಷ್ಪಕ್ಕ?"

"ಇಲ್ಲ. ಇನ್ನು ಸಾಕುವುದಿಲ್ಲ ನಾನು."

ಕುಶಲಾ ಅಲ್ಲಿಯೇ ನಿಂತಳು. ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತುಗಳೆಲ್ಲ ಆ ಬಸಳೆಯ ಮುಂದೆ ಏನೂ ಅಲ್ಲವೆನಿಸಿತು. ಪುಷ್ಪಕ್ಕ ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿದ್ದ ಕತ್ತಿಯನ್ನು ಅವಳ ಕಡೆ ಚಾಚಿದರು.

"ಬಿಸಿಲಿಗೆ ನಿಲ್ಲಬೇಡ. ಬಾ. ಆ ಮೇಲಿನದ್ದು ನನಗೆ ಎಟುಕುವುದಿಲ್ಲ, ಕೊಯ್ದು ಕೊಡು. ನಿನ್ನ ಮನೆಗೂ ಬೇಕಾದಷ್ಟು ತೆಗೆದುಕೋ."

ಕುಶಲಾ ಗೇಟು ತೆರೆದು ಒಳಗೆ ಹೋದಳು. ಕತ್ತಿ ತೆಗೆದುಕೊಂಡು ದಪ್ಪ ದಂಟುಗಳನ್ನು ಒಂದೊಂದೇ ಕೊಯ್ಯತೊಡಗಿದಳು. ಪುಷ್ಪಕ್ಕ ಕೆಳಗಿನಿಂದ ಅವನ್ನು ಹಿಡಿದು ಬಾಳೆನಾರಿನಲ್ಲಿ ಎರಡು ಕಟ್ಟು ಕಟ್ಟಿದರು. ಕುಶಲಾಳಿಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ. ಎಟುಕುವ ದಂಟೆಲ್ಲ ಮುಗಿದ ಮೇಲೂ ಬಲೆಯ ಕಡೆಗೇ ಮುಖ ಮಾಡಿಕೊಂಡು ಇನ್ನೂ ಕೊಯ್ಯುವುದಿದೆಯೆಂಬಂತೆ ನಿಂತಿದ್ದಳು.